ಯಕ್ಷಗಾನದ ವೇಷ ಇಸ್ಪೀಟೆಲೆಗೆ ಇಳಿಯುವಾಗ

ಪ್ರಶ್ನೆ: ನಮ್ಮ ಹವ್ಯಾಸಿ ಯಕ್ಷಗಾನ ಬಳಗದ ನೆನಪಿಗೆ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ವೇಷಗಳಿರುವ 54 ಎಲೆಯ ಇಸ್ಪೀಟು ಕಟ್ಟು ಮಾಡಿಸುತ್ತಿದ್ದೇವೆ. ರಾಜರಾಗಿ ದೇವೇಂದ್ರ, ಧರ್ಮರಾಯ, ಕೌರವ, ಕರ್ಣ. ರಾಣಿಯರಾಗಿ ದ್ರೌಪದಿ, ಸುಭದ್ರೆ, ಚಿತ್ರಾಂಗದೆ, ಪ್ರಮೀಳೆ. ಗುಲಾಮರಾಗಿ ಅಭಿಮನ್ಯು, ಬಬ್ರುವಾಹನ, ವೃಷಸೇನ, ಕುಶ. ಆಟದ ಫೋಟೋಗಳನ್ನು ನೋಡಿ ಟ್ಯಾಬ್ಲೆಟ್‌ನಲ್ಲಿ ಹನ್ನೆರಡೂ ಚಿತ್ರ ಬರೆದಿದ್ದೇನೆ. ಪರದೆಯ ಮೇಲೆ ಚೆನ್ನಾಗಿವೆ. ಆದರೆ ಮಾದರಿ ಪ್ರಿಂಟು ತೆಗೆಸಿ ಇಪ್ಪತ್ತೆಂಟು ಎಂಬ ಎಲೆಯಾಟ ಆಡಲು ಕೂತರೆ ರಾಜ ಯಾರು, ಗುಲಾಮ ಯಾರು ಎಂದು ಗೊತ್ತಾಗುವುದಿಲ್ಲ. ಸೊಂಟದ ಹತ್ತಿರ ಎರಡು ದೇಹ ಕೂಡುವಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಒಡವೆಗಳೆಲ್ಲ ಕಂದು ಮುದ್ದೆಯಾಗಿವೆ. ಎಲ್ಲಿ ತಪ್ಪಿದೆ? ಮೂಲೆಯಲ್ಲಿ ಕೆ, ಕ್ಯೂ, ಜೆ ಬದಲು ಕನ್ನಡ ಅಕ್ಷರ ಹಾಕಬಹುದೇ?

ಉತ್ತರ: ನೀವು ಹನ್ನೆರಡು ಭಾವಚಿತ್ರ ಬರೆದಿದ್ದೀರಿ. ಎಲೆಗೆ ಬೇಕಾಗಿರುವುದು ಮೂರು ಆಕಾರ, ನಾಲ್ಕು ಗುರುತು. ಉಳಿದದ್ದೆಲ್ಲ ಅಲಂಕಾರ. ನಿಮ್ಮ ಮೂರು ತೊಂದರೆಗಳೂ ಹುಟ್ಟಿದ್ದು ಇದೇ ಒಂದು ಕಡೆಯಿಂದ. ಹಾಗಾಗಿ ಬಣ್ಣ ತಿದ್ದುತ್ತಾ ಕೂರದೆ ಗೆರೆಯಿಂದಲೇ ಮತ್ತೆ ಶುರುಮಾಡಿ. ಫೋಟೋಗಳನ್ನು ಎಸೆಯಬೇಡಿ, ಒಡವೆಯ ಆಕಾರ ನೋಡಿಕೊಳ್ಳಲು ಬೇಕಾಗುತ್ತವೆ.

ಮೊದಲು ಆಟಗಾರನ ಕಣ್ಣು ಎಲ್ಲಿ ಬೀಳುತ್ತದೆ ನೋಡಿ. ರಮ್ಮಿಗೆ ಹದಿಮೂರು ಎಲೆ ಬೀಸಣಿಗೆಯ ಹಾಗೆ ಬಿಚ್ಚಿ ಹಿಡಿದರೆ ಒಂದೊಂದು ಎಲೆಯಲ್ಲಿ ಕಾಣುವುದು ಎಡಗಡೆಯ 12ರಿಂದ 15 ಮಿ.ಮೀ. ಪಟ್ಟಿ ಮಾತ್ರ. ಇಪ್ಪತ್ತೆಂಟಿನಲ್ಲಿ ಕೈಯಲ್ಲಿ ಎಂಟೇ ಎಲೆ ಇರುವುದರಿಂದ ಸ್ವಲ್ಪ ಹೆಚ್ಚು ಕಾಣುತ್ತದೆ. ಈ ಪಟ್ಟಿಯಲ್ಲಿ ಮೂಲೆಯ ಅಕ್ಷರ, ಅದರ ಕೆಳಗಿನ ಚಿಹ್ನೆ, ಚೌಕಟ್ಟಿನ ಗೆರೆ, ಚಿತ್ರದ ಎಡತುದಿಯ ನಾಲ್ಕೈದು ಮಿ.ಮೀ. ಇಷ್ಟೇ ಇರುತ್ತವೆ. ನೀವು ಎರಡು ದಿನ ಕೂತು ಬರೆದ ಕಣ್ಣು, ನಾಮ, ಕಿವಿಯ ಒಡವೆ ಅಲ್ಲಿಗೆ ಬರುವುದೇ ಇಲ್ಲ. ಎರಡನೆಯ ನೋಟ ಎಲೆ ನೆಲಕ್ಕೆ ಬಿದ್ದಾಗಿನದು. ಆಗ ಎದುರು ಕೂತವನು ಒಂದು ಮೀಟರ್ ದೂರದಿಂದ ಅರ್ಧ ಕ್ಷಣ ನೋಡುತ್ತಾನೆ. ಅವನಿಗೆ ದಕ್ಕುವುದು ತಲೆಯ ಹೊರಗೆರೆ. ಕೈಯಲ್ಲಿ ಓದಲು ಎಡ ಅಂಚು, ನೆಲದ ಮೇಲೆ ಓದಲು ತಲೆ: ಈ ಎರಡನ್ನು ಮೊದಲು ಗಟ್ಟಿಮಾಡಿಕೊಳ್ಳಿ.

ನಿಮ್ಮ ಆಟದಲ್ಲಿ ಈ ಗೊಂದಲ ದುಬಾರಿ ಕೂಡ. ಇಪ್ಪತ್ತೆಂಟಿನಲ್ಲಿ ಗುಲಾಮನೇ ದೊಡ್ಡವನು, ಅವನಿಗೆ 3 ಅಂಕ. 9ಕ್ಕೆ 2, ಎಕ್ಕಕ್ಕೂ 10ಕ್ಕೂ ಒಂದೊಂದು. ರಾಜ ರಾಣಿಯರಿಗೆ ಸೊನ್ನೆ. ಅಭಿಮನ್ಯುವನ್ನು ಕೌರವನೆಂದು ತಿಳಿದು ಎಸೆದವನು ಮೂರು ಅಂಕ ಕಳೆದುಕೊಳ್ಳುತ್ತಾನೆ. (ಅಭಿಮನ್ಯು ಕೌರವನನ್ನು ಹೊಡೆಯುವ ಆಟ ಇದೊಂದೇ ಇರಬೇಕು.)

ಅದೃಷ್ಟಕ್ಕೆ ನೀವು ಆರಿಸಿಕೊಂಡ ವಸ್ತುವೇ ಅರ್ಧ ಕೆಲಸ ಮಾಡಿಕೊಟ್ಟಿದೆ. ದೀಪದ ಮಬ್ಬು ಬೆಳಕಿನಲ್ಲಿ, ದೂರ ಕೂತವನಿಗೂ ಪಾತ್ರದ ದರ್ಜೆ ತಿಳಿಯಲಿ ಎಂದೇ ಯಕ್ಷಗಾನದ ತಲೆಯುಡುಗೆಗಳು ಬೇರೆ ಬೇರೆ ಆಕಾರದಲ್ಲಿವೆ. ರಾಜವೇಷಕ್ಕೆ ಕಿರೀಟ, ಮೇಲಕ್ಕೆ ಏರುವ ಆಕಾರ. ಪುಂಡುವೇಷಕ್ಕೆ (ಹರೆಯದ ವೀರರ ವೇಷ) ಕೇದಗೆ ಮುಂದಲೆ, ಚಿಕ್ಕದು, ಎಸಳಿನ ಹಾಗೆ ತುದಿ ಚೂಪು. ಸ್ತ್ರೀವೇಷಕ್ಕೆ ತಲೆಯ ಮೇಲೆ ಎತ್ತರದ್ದೇನೂ ಇಲ್ಲ, ತುರುಬು ಮತ್ತು ಜಡೆ. ರಾಜ, ಗುಲಾಮ, ರಾಣಿ ಮೂವರೂ ಸಿಕ್ಕಿಬಿಟ್ಟರು. ಜೋಕರಿಗೆ ಹಾಸ್ಯಗಾರ ಇದ್ದಾನೆ, ಅದನ್ನು ನಾನು ಹೇಳಬೇಕಾಗಿಲ್ಲ.

ತೊಡಕು ಇರುವುದು ನಿಮ್ಮ ಕರ್ಣನಲ್ಲಿ. ಬಡಗಿನ ಸಂಪ್ರದಾಯದಲ್ಲಿ ಕರ್ಣಾರ್ಜುನರದು ಮುಂಡಾಸು. ಅಗಲವಾಗಿ ಉಬ್ಬಿ ಮೇಲೆ ಕೂಡುವ ಅದರ ಆಕಾರ ಚಿಕ್ಕದಾದಾಗ ಕೇದಗೆ ಮುಂದಲೆಯ ಅಣ್ಣನ ಹಾಗೆ ಕಾಣುತ್ತದೆಯೇ ಹೊರತು ಕಿರೀಟದ ಹಾಗಲ್ಲ. ನಾಲ್ವರು ರಾಜರಲ್ಲಿ ಮೂವರಿಗೆ ಕಿರೀಟ, ಒಬ್ಬನಿಗೆ ಮುಂಡಾಸು ಎಂದಾದರೆ ಆ ಒಬ್ಬ ಪ್ರತಿ ಆಟದಲ್ಲೂ ಗುಲಾಮನಾಗುತ್ತಾನೆ. ಕರ್ಣನಿಗೆ ಕಿರೀಟ ತೊಡಿಸಿಬಿಡೋಣ ಎನ್ನಬೇಡಿ, ನಿಮ್ಮ ಬಳಗದವರೇ ಮೊದಲು ನಗುತ್ತಾರೆ. ಚೌಕಿಯ (ಬಣ್ಣದ ಮನೆಯ) ಹಿರಿಯರನ್ನು ಕೇಳಿ ಕಿರೀಟವೇಷದ ಇನ್ನೊಬ್ಬನನ್ನು ಆ ಜಾಗಕ್ಕೆ ತನ್ನಿ. ಕರ್ಣನ ಮುಂಡಾಸನ್ನು ಡಬ್ಬಿಯ ಮುಖಕ್ಕೆ ಹಾಕಿ, ಅಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿದೆ.

ಒಂದೇ ದರ್ಜೆಯ ನಾಲ್ವರ ಹೊರಗೆರೆ ಒಂದೇ ಜಾತಿಯದಾಗಿರಬೇಕು, ಇದನ್ನು ಮುರಿಯಬೇಡಿ. ವ್ಯತ್ಯಾಸವನ್ನೆಲ್ಲ ಅದರ ಒಳಗೆ ಮಾಡಿ. ನಾವೆಲ್ಲ ಆಡುವ ಇಂಗ್ಲಿಷ್ ಮಾದರಿಯ ಎಲೆಗಳನ್ನೇ ತೆಗೆದು ನೋಡಿ. ಡೈಮನ್ ರಾಜ ಒಕ್ಕಣ್ಣ, ಪಕ್ಕಕ್ಕೆ ತಿರುಗಿದ್ದಾನೆ, ಅವನೊಬ್ಬನಿಗೇ ಕೊಡಲಿ. ಆಟೀನ್ (ಹೃದಯದ ಚಿಹ್ನೆ) ರಾಜನಿಗೆ ಮಾತ್ರ ಮೀಸೆ ಇಲ್ಲ, ಅವನ ಕತ್ತಿ ತಲೆಯ ಹಿಂದೆ ಹೋಗಿ ತನ್ನನ್ನೇ ಇರಿದುಕೊಂಡ ಹಾಗೆ ಕಾಣುತ್ತದೆ. ಗುಲಾಮರಲ್ಲಿ ಇಸ್ಪೀಟಿನವನು (ಸ್ಪೇಡ್ ಚಿಹ್ನೆಯವನು), ಆಟೀನಿನವನು ಒಕ್ಕಣ್ಣರು. ರಾಣಿಯರೆಲ್ಲ ಹೂ ಹಿಡಿದಿದ್ದರೆ ಇಸ್ಪೀಟು ರಾಣಿಯ ಬಳಿ ಹೂವಿನ ಜೊತೆ ರಾಜದಂಡವೂ ಇದೆ. ಆದರೂ ನಾಲ್ಕು ಕಿರೀಟ ಒಂದೇ ಬಗೆ. ಈ ವಿಚಿತ್ರಗಳನ್ನೆಲ್ಲ ಯಾರೋ ಯೋಚಿಸಿ ಮಾಡಿದ್ದಲ್ಲ. ಇವುಗಳ ಮೂಲ ಫ್ರಾನ್ಸಿನ ರೂವಾಂ ನಗರದ ಮರದಚ್ಚಿನ ಎಲೆಗಳು. 1567ರ ಸುಮಾರಿನ ಪಿಯೆರ್ ಮಾರೆಶಾಲ್‌ನ ಎಲೆಗಳಲ್ಲಿ ಆ ಮಾದರಿ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲೆಂಡಿನ ಅಚ್ಚು ಕೆತ್ತುವವರು ನಕಲಿನ ನಕಲು ಮಾಡುತ್ತಾ ಹೋದಂತೆ ಆಟೀನ್ ರಾಜನ ಕೊಡಲಿಯ ಬಾಯಿ ಅಂಚಿನಲ್ಲಿ ಕಳೆದುಹೋಗಿ ಹಿಡಿಯಷ್ಟೇ ಉಳಿಯಿತು, ಮುಂದೆ ಅದು ಕತ್ತಿಯಾಯಿತು. ನಿಮಗೆ ಇನ್ನೂರು ವರ್ಷ ಕಾಯಲು ಪುರಸೊತ್ತಿಲ್ಲ, ಆದ್ದರಿಂದ ಇಂಥ ಸಣ್ಣ ವ್ಯತ್ಯಾಸಗಳನ್ನು ಬೇಕೆಂದೇ ಇಡಬೇಕಾಗುತ್ತದೆ. ಒಂದು ದರ್ಜೆಯಲ್ಲಿ ಒಂದೋ ಎರಡೋ ಸಾಕು. ನಾಲ್ಕೂ ವಿಶೇಷವಾದರೆ ಯಾವುದೂ ವಿಶೇಷವಲ್ಲ.

ಪ್ರಮೀಳೆಯನ್ನು ಇಸ್ಪೀಟು ರಾಣಿ ಮಾಡಿ. ಕಸೆ ಸ್ತ್ರೀವೇಷದ (ವೀರ ಹೆಣ್ಣಿನ ವೇಷ) ಪಾತ್ರ, ಕೈಗೆ ಬಿಲ್ಲು ಕೊಟ್ಟರೆ ಸಹಜವಾಗಿ ನಿಲ್ಲುತ್ತದೆ. ಉಳಿದ ಮೂವರಿಗೆ ಹೂವೋ ಸೆರಗೋ. ಗುಲಾಮರಲ್ಲಿ ಇಬ್ಬರನ್ನು ಪಕ್ಕನೋಟದಲ್ಲಿ ಬರೆಯಿರಿ, ಕೇದಗೆ ಮುಂದಲೆಯ ಚೂಪು ಪಕ್ಕದಿಂದಲೂ ಉಳಿಯುತ್ತದೆ. ಕಿರೀಟ ಹಾಗಲ್ಲ, ಪಕ್ಕಕ್ಕೆ ತಿರುಗಿಸಿದರೆ ಅದರ ಅಗಲ ಕಳೆದು ಕೊಳವೆಯಂತಾಗುತ್ತದೆ. ರಾಜರನ್ನು ಎದುರಿನಿಂದ ಅಥವಾ ಮುಕ್ಕಾಲು ನೋಟದಲ್ಲಿಯೇ ಇಡಿ, ಮೀಸೆಯಲ್ಲಿ ವ್ಯತ್ಯಾಸ ತೋರಿಸಿ.

ಎಡ ಅಂಚಿಗೂ ಒಂದು ನಿಯಮ ಮಾಡಿಕೊಳ್ಳಿ. ರಾಜನ ಆಯುಧ ನೆಟ್ಟಗೆ ನಿಲ್ಲಲಿ, ಗುಲಾಮನದು ಓರೆಯಾಗಿರಲಿ, ರಾಣಿಯ ಕಡೆ ಬಾಗಿದ ಗೆರೆ ಇರಲಿ (ಹೂವಿನ ದಂಟು, ಸೆರಗು, ಪ್ರಮೀಳೆಯ ಬಿಲ್ಲಿನ ಬಾಗು). ಆಯುಧ ಚೌಕಟ್ಟಿನ ಎಡಗೆರೆಯಿಂದ 2ರಿಂದ 5 ಮಿ.ಮೀ. ಒಳಗೆ ಬಿದ್ದರೆ ಬೀಸಣಿಗೆಯಲ್ಲಿ ಕಾಣುತ್ತದೆ. ನಿಮ್ಮ ಚಿತ್ರಗಳಲ್ಲಿ ಕೌರವನ ಗದೆ ಬಲಗಡೆ ಹೆಗಲ ಮೇಲಿದ್ದರೆ ಅದು ಯಾರಿಗೂ ಕಾಣದ ಗದೆ.

ಇನ್ನು ಅಳತೆ. ಪೋಕರ್ ಅಳತೆಯ ಎಲೆ 63 × 88 ಮಿ.ಮೀ. ಬ್ರಿಡ್ಜ್ ಅಳತೆ 57 ಮಿ.ಮೀ. ಅಗಲ, ಎತ್ತರ ಅದೇ. ತಲೆಯುಡುಗೆ ದೊಡ್ಡದಿರುವ ನಿಮ್ಮ ಚಿತ್ರಗಳಿಗೆ ಪೋಕರ್ ಅಳತೆಯೇ ಸರಿ. ಸುತ್ತ 3 ಮಿ.ಮೀ. ಹೆಚ್ಚುವರಿ ಅಂಚು ಸೇರಿಸಿದರೆ ಕಡತದ ಅಳತೆ 69 × 94. 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸುಮಾರು 1630 × 2220 ಪಿಕ್ಸೆಲ್. ಚೌಕಟ್ಟನ್ನು ಎಡಬಲದಲ್ಲಿ 9, ಮೇಲೆ ಕೆಳಗೆ 7 ಮಿ.ಮೀ. ಬಿಟ್ಟು 45 × 74 ಮಾಡಿಕೊಳ್ಳಿ. ಈ 9 ಮಿ.ಮೀ. ಬರೀ ಅಕ್ಷರಕ್ಕೆ ಬಿಟ್ಟ ಜಾಗವಲ್ಲ. ಕತ್ತರಿಸುವಾಗ ಬ್ಲೇಡು 1 ಮಿ.ಮೀ. ಆಚೀಚೆ ಸರಿಯುವುದು ಮಾಮೂಲು. ಅಂಚು 3 ಮಿ.ಮೀ. ಇದ್ದರೆ ಒಂದು ಕಡೆ 2, ಇನ್ನೊಂದು ಕಡೆ 4 ಆಗಿ ಎಲೆ ಸೊಟ್ಟಗೆ ಕಾಣುತ್ತದೆ. 9 ಇದ್ದರೆ 8 ಮತ್ತು 10 ಆಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮಗೆ ಬರೆಯಲು ಉಳಿಯುವುದು 45 × 37 ಮಿ.ಮೀ. ಅರ್ಧ ಮಾತ್ರ. ಅದನ್ನು ನಾಲ್ಕು ಪಟ್ಟು ಮಾಡಿದರೆ 180 × 148, ಅಡ್ಡ ಹಿಡಿದ ಎ5 ಹಾಳೆಯೊಳಗೆ ಕೂರುತ್ತದೆ. ಟ್ಯಾಬ್ಲೆಟ್‌ನಲ್ಲಾದರೂ ಈ ಅಳತೆಯಲ್ಲೇ ಬರೆಯಿರಿ, ಇನ್ನೂ ಹಿಗ್ಗಿಸಬೇಡಿ. ಹಿಗ್ಗಿಸಿದಷ್ಟೂ ಕೈ ಚಿಕ್ಕ ಚಿಕ್ಕ ಒಡವೆಗಳನ್ನು ತುಂಬುತ್ತಾ ಹೋಗುತ್ತದೆ. 37 ಮಿ.ಮೀ. ಎತ್ತರದಲ್ಲಿ ರಾಜನಿಗೆ ತಲೆಯುಡುಗೆ 12, ಮುಖ 9, ಎದೆ ಮತ್ತು ಕೈ 16 ಎಂದು ಹಂಚಿ. ಗುಲಾಮನಿಗೆ ತಲೆಯುಡುಗೆ 8ಕ್ಕೆ ಇಳಿಸಿ ಎದೆಯ ಭಾಗ ಹೆಚ್ಚಿಸಿ. ಫೋಟೋದ ಪ್ರಮಾಣ ಮರೆತುಬಿಡಿ. ಆಳೆತ್ತರದ ವೇಷದಲ್ಲಿ ಮುಖ ಚಿಕ್ಕದು. ಎಲೆಯಲ್ಲಿ ಮುಖಕ್ಕೆ 9 ಮಿ.ಮೀ.ಗಿಂತ ಕಡಿಮೆ ಕೊಟ್ಟರೆ ಕಣ್ಣು ಬರೀ ಚುಕ್ಕೆ. ಭುಜಕೀರ್ತಿಯನ್ನು (ಹೆಗಲ ಒಡವೆ) ಅರ್ಧಕ್ಕೆ ಕುಗ್ಗಿಸಿ, ಎದೆಕಟ್ಟು ಒಂದೇ ಆಕಾರವಾಗಲಿ.

ಗೆರೆಯ ದಪ್ಪ: ಅಚ್ಚಾದ ಮೇಲೆ ಹೊರಗೆರೆ 0.35 ಮಿ.ಮೀ., ಒಳಗೆರೆ 0.2 ಮಿ.ಮೀ. ಬರಬೇಕು. ನಾಲ್ಕು ಪಟ್ಟಿನಲ್ಲಿ ಅದು 1.4 ಮತ್ತು 0.8. ಎರಡೇ ಕುಂಚ ಇಟ್ಟುಕೊಳ್ಳಿ. ಬಣ್ಣದ ನಡುವೆ ಬಿಳಿಯಾಗಿ ಬಿಡುವ ಗೆರೆ 0.3ಕ್ಕಿಂತ ಸಣ್ಣದಾದರೆ ಶಾಯಿ ಹರಡಿ ಮುಚ್ಚಿಹೋಗುತ್ತದೆ.

ಚೌಕಟ್ಟಿನೊಳಗೆ ಎಡಮೂಲೆಯಲ್ಲಿ ಒಂದು ದೊಡ್ಡ ಚಿಹ್ನೆ ಇಡುವುದು ವಾಡಿಕೆ, ಅಗಲ ಸುಮಾರು 9 ಮಿ.ಮೀ. ಅದಕ್ಕೆ 2 ಮಿ.ಮೀ. ಉಸಿರಾಡಲು ಬಿಟ್ಟರೆ 45ರಲ್ಲಿ ತಲೆಗೆ ಉಳಿಯುವುದು 34. ಅಂದರೆ ಕಿರೀಟವನ್ನು ಚೌಕಟ್ಟಿನ ನಡುವೆ ಕೂರಿಸಲಾಗುವುದಿಲ್ಲ, ಸುಮಾರು 4 ಮಿ.ಮೀ. ಬಲಕ್ಕೆ ಸರಿಸಬೇಕು. ಈ 4 ಮಿ.ಮೀ. ನೆನಪಿಡಿ. ನಿಮ್ಮ ಎರಡನೆಯ ತೊಂದರೆಯ ಬೀಗದಕೈ ಇಲ್ಲಿದೆ.

ಎರಡು ತಲೆಯ ಚಿತ್ರ ಕನ್ನಡಿಬಿಂಬವಲ್ಲ, 180 ಡಿಗ್ರಿ ತಿರುಗಿಸಿದ ಚಿತ್ರ. ಹಲವರು ಕೆಳಕ್ಕೆ ಮಗುಚುವ ಆಜ್ಞೆ ಒತ್ತಿ ಬಲಗೈ ಕತ್ತಿಯನ್ನು ಎಡಗೈಗೆ ತರುತ್ತಾರೆ. ಆಗ ಎಲೆಯನ್ನು ತಲೆಕೆಳಗು ಹಿಡಿದರೆ ಬೇರೆಯೇ ಚಿತ್ರ ಬರುತ್ತದೆ. ನೀವು ಸರಿಯಾಗಿಯೇ ತಿರುಗಿಸಿದ್ದೀರಿ ಎಂದುಕೊಳ್ಳೋಣ. ಮೇಲಿನ ದೇಹ ನಡುಗೆರೆಯಿಂದ 4 ಮಿ.ಮೀ. ಬಲಕ್ಕಿದ್ದರೆ ತಿರುಗಿಸಿದ ದೇಹ 4 ಮಿ.ಮೀ. ಎಡಕ್ಕೆ ಬರುತ್ತದೆ. ಎರಡು ಸೊಂಟಗಳ ನಡುವೆ 8 ಮಿ.ಮೀ. ವ್ಯತ್ಯಾಸ. ಅಡ್ಡ ಗೆರೆಯಲ್ಲಿ ಕೂಡಿಸಿದರೆ ಮುರಿದ ಗೊಂಬೆಯೇ ಸರಿ.

ಅಡ್ಡಗೆರೆಯಲ್ಲೇ ಕೂಡಿಸಬೇಕಿದ್ದರೆ ಆ ಗೆರೆಯುದ್ದಕ್ಕೂ ಬಣ್ಣಗಳ ಸಾಲು ‘ವಿಕಟಕವಿ’ಯ ಹಾಗಿರಬೇಕು: ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಎಡತುದಿಯಿಂದ 10 ಮಿ.ಮೀ. ಒಳಗೆ ಕೆಂಪು ಇದ್ದರೆ ಬಲತುದಿಯಿಂದ 10 ಮಿ.ಮೀ. ಒಳಗೂ ಕೆಂಪೇ ಇರಬೇಕು, ಇಲ್ಲವಾದರೆ ಆ ಜಾಗದಲ್ಲಿ ಬಣ್ಣ ಕತ್ತರಿಸಿದಂತೆ ನಿಲ್ಲುತ್ತದೆ. ಒಂದು ಕಡೆ ಕೈ, ಇನ್ನೊಂದು ಕಡೆ ಸೆರಗು ಇರುವ ಚಿತ್ರದಲ್ಲಿ ಇದು ಆಗದ ಮಾತು. ಓರೆ ಪಟ್ಟಿ ಸುಲಭ. ಚೌಕಟ್ಟಿನ ನಟ್ಟನಡುವಿನ ಬಿಂದುವಿನ ಮೂಲಕ ಹಾದುಹೋಗುವ ಯಾವ ಸರಳ ಗೆರೆಯನ್ನೇ ಆಗಲಿ 180 ಡಿಗ್ರಿ ತಿರುಗಿಸಿದರೆ ಅದೇ ಗೆರೆ ಬರುತ್ತದೆ. ಓರೆಗೆ 30ರಿಂದ 40 ಡಿಗ್ರಿ ಇಟ್ಟು 4 ಮಿ.ಮೀ. ಅಗಲದ ಸೊಂಟಪಟ್ಟಿಯನ್ನು ಎಳೆಯಿರಿ. ಬಲಕ್ಕೆ ಸರಿದ ಮೇಲಿನ ಸೊಂಟ ಪಟ್ಟಿಯ ತಗ್ಗಿನ ಕಡೆ ಬೀಳುವಂತೆ ಓರೆಯ ದಿಕ್ಕು ಆರಿಸಿ, ಅಂದರೆ ಪಟ್ಟಿ ಎಡಮೇಲಿನಿಂದ ಬಲಕೆಳಕ್ಕೆ ಇಳಿಯಲಿ. ಆಗ ಮೇಲಿನವನ ದೇಹಕ್ಕೆ ಕೆಳಗೆ ಹೆಚ್ಚು ಜಾಗ ಸಿಗುತ್ತದೆ, 8 ಮಿ.ಮೀ. ಜಾರಿದ್ದು ತಿಳಿಯುವುದೇ ಇಲ್ಲ.

ಪಟ್ಟಿಯ ಮೇಲಿನ ಮಣಿ ಮತ್ತು ಹೂವಿನ ಸಾಲಿನಲ್ಲೂ ನಡುಬಿಂದುವಿಗೆ ಒಂದು ಪೂರ್ತಿ ಮಣಿ ಬರಲಿ, ಅಥವಾ ಎರಡು ಮಣಿಗಳ ನಡುವಿನ ಸಂದು ಬರಲಿ. ಅರ್ಧ ಮಣಿ ಬಂದರೆ ಒಡೆದುಹೋಗುತ್ತದೆ. ಬಡಗಿನ ಚೌಕುಳಿ ಕಸೆಸೀರೆಯನ್ನು ನಡುವಿಗೆ ತರುವ ಆಸೆ ನಿಮಗೂ ಬಂದಿರುತ್ತದೆ, ಬರಲೇಬೇಕು, ಅಷ್ಟು ಚೆನ್ನಾದ ಭರ್ತಿ ವಿನ್ಯಾಸ ಬೇರೆ ಇಲ್ಲ. ಅದನ್ನು ಎರಡೇ ಬಣ್ಣದ ಚೌಕವಾಗಿ ಸರಳಮಾಡಿ, ಒಂದು ಮನೆ 3 ಮಿ.ಮೀ. ಇರಲಿ. ಎಲೆಯ ನಡುಬಿಂದು ಒಂದು ಮನೆಯ ಮಧ್ಯಕ್ಕೆ ಅಥವಾ ನಾಲ್ಕು ಮನೆ ಸೇರುವ ಮೂಲೆಗೆ ಬಿದ್ದರೆ ತಿರುಗಿಸಿದ ಚೌಕುಳಿ ಬಣ್ಣಕ್ಕೆ ಬಣ್ಣ ಕೂಡುತ್ತದೆ. ಎರಡು ಮನೆಗಳ ನಡುವಿನ ಗೆರೆಯ ಮಧ್ಯಕ್ಕೆ ಬಿದ್ದರೆ ಕೆಂಪು ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಕೆಂಪು. ಒಂದೂವರೆ ಮಿ.ಮೀ. ಸರಿಸಿದರೆ ಹೋಗುವ ದೋಷ ಇದು. ಕಾರಣ ತಿಳಿಯದವರು ಇಡೀ ಚಿತ್ರ ಮತ್ತೆ ಬರೆಯುತ್ತಾರೆ.

ಕಡತದಲ್ಲಿ ಅರ್ಧವನ್ನು ಒಮ್ಮೆ ಮಾತ್ರ ಇಟ್ಟು ಇನ್ನರ್ಧವನ್ನು ಅದರ ಜೋಡಿಪ್ರತಿಯಾಗಿ ತಿರುಗಿಸಿ. ಇಂಕ್‌ಸ್ಕೇಪ್‌ನಲ್ಲಿ ಕ್ಲೋನ್, ಇಲ್ಲಸ್ಟ್ರೇಟರ್‌ನಲ್ಲಿ ಸಿಂಬಲ್. ಮೂಲದಲ್ಲಿ ಮೀಸೆ ತಿದ್ದಿದರೆ ಎರಡೂ ಕಡೆ ತಿದ್ದುತ್ತದೆ. ಬರೀ ನಕಲು ಮಾಡಿಟ್ಟರೆ ಹತ್ತನೆಯ ತಿದ್ದುಪಡಿಯ ಹೊತ್ತಿಗೆ ಒಂದು ತಲೆಗೆ ನಾಮ ಇದ್ದು ಇನ್ನೊಂದಕ್ಕೆ ಇರುವುದಿಲ್ಲ. ಎರಡು ಅರ್ಧಗಳನ್ನು ಅಂಚಿಗೆ ಅಂಚು ತಾಗಿಸಿ ಬಿಡಲೂ ಬೇಡಿ, ಕೂದಲೆಳೆಯ ಬಿಳಿ ಗೆರೆ ಬರುತ್ತದೆ. 0.2 ಮಿ.ಮೀ. ಒಂದರ ಮೇಲೊಂದು ಹಾಯಿಸಿ, ಸೊಂಟಪಟ್ಟಿಯನ್ನು ಎಲ್ಲಕ್ಕೂ ಮೇಲಿನ ಪದರವಾಗಿ ಇಡಿ.

ಕಂದು ಮುದ್ದೆಯ ಕಾರಣ ಸರಳ. ಫೋಟೋದಲ್ಲಿ ಚಿನ್ನದ ಬೇಗಡೆ, ಕನ್ನಡಿಚೂರು, ನೆರಳು, ದೀಪದ ಹೊಳಪು ಎಲ್ಲ ಸೇರಿ ಒಂದು ಕಿರೀಟದಲ್ಲಿ ಹತ್ತಾರು ಹಳದಿ–ಕಂದು ಛಾಯೆಗಳಿರುತ್ತವೆ. ಅದನ್ನು 12 ಮಿ.ಮೀ.ಗೆ ಇಳಿಸಿ ನಾಲ್ಕು ಶಾಯಿಯ ಚುಕ್ಕೆಗಳಲ್ಲಿ ಅಚ್ಚುಹಾಕಿದರೆ ಛಾಯೆಗಳು ಒಂದಕ್ಕೊಂದು ಕಲೆಸಿಹೋಗುತ್ತವೆ. ಪರದೆಗೆ ಬೆಳಕು ಹಿಂದಿನಿಂದ ಬರುತ್ತದೆ, ಕಾಗದಕ್ಕೆ ಬರುವುದಿಲ್ಲ. ನೆರಳು ಪೂರ್ತಿ ತೆಗೆಯಿರಿ. ಚಪ್ಪಟೆ ಬಣ್ಣ ಐದು ಸಾಕು (ಶಾಯಿಯ ಲೆಕ್ಕ ಶೇಕಡಾದಲ್ಲಿ): ಕಪ್ಪಿಗೆ ಕಪ್ಪು 100 ಮಾತ್ರ; ಕೆಂಪಿಗೆ ಮೆಜೆಂಟಾ 100, ಹಳದಿ 100; ಚಿನ್ನಕ್ಕೆ ಹಳದಿ 100, ಮೆಜೆಂಟಾ 20; ನೀಲಿಗೆ ಸಯಾನ್ 100, ಮೆಜೆಂಟಾ 60; ಮುಖಕ್ಕೆ ಹಳದಿ 20, ಮೆಜೆಂಟಾ 8. ಆರನೆಯದು ಕಾಗದದ ಬಿಳಿ, ಅದನ್ನು ಧಾರಾಳವಾಗಿ ಬಳಸಿ. ಕಪ್ಪು ಗೆರೆಗೆ ನಾಲ್ಕೂ ಶಾಯಿ ಬೆರೆಸಿದ ಕಡುಗಪ್ಪು ಎಂದೂ ಬೇಡ. ಶಾಯಿಗಳ ಹೊಂದಾಣಿಕೆ ಕೂದಲೆಳೆ ತಪ್ಪಿದರೂ ಪ್ರತಿ ಗೆರೆಗೂ ಬಣ್ಣದ ನೆರಳು ಮೂಡುತ್ತದೆ. ಟ್ಯಾಬ್ಲೆಟ್ಟಿನ ಆರ್‌ಜಿಬಿ (ಪರದೆಯ ಬಣ್ಣಪದ್ಧತಿ) ಕಪ್ಪನ್ನು ಹಾಗೇ ಅಚ್ಚಿನ ಶಾಯಿಗೆ ಬದಲಾಯಿಸಿದರೆ ತಾನಾಗಿಯೇ ಈ ಬೆರಕೆ ಕಪ್ಪು ಬರುತ್ತದೆ, ನಿಮ್ಮ ಮಾದರಿಯಲ್ಲೂ ಬಹುಶಃ ಅದೇ ಆಗಿದೆ.

ಒಡವೆಗೆ ಮೂರು ಆಕಾರ ಸಾಕು: 1.5 ಮಿ.ಮೀ. ಗುಂಡು, 2 ಮಿ.ಮೀ. ಎಸಳು, 1 ಮಿ.ಮೀ. ಪಟ್ಟಿ. ಹನ್ನೆರಡೂ ಚಿತ್ರಗಳಲ್ಲಿ ಇವನ್ನೇ ತಿರುಗಿಸಿ ಮುರುಗಿಸಿ ಬಳಸಿದರೆ ಕಟ್ಟಿಗೆ ಒಂದೇ ಕೈಯ ಗುಣ ಬರುತ್ತದೆ. ಚಿನ್ನದ ಪಕ್ಕ ಚಿನ್ನ ಬಂದರೆ ನಡುವೆ ಕಪ್ಪು ಗೆರೆ ಅಥವಾ ಬಿಳಿ ಸಂದು ಬೇಕು. ಚೌಕಟ್ಟಿನೊಳಗಿನ ಕೆಂಪು ಚಿಹ್ನೆ ಕೆಂಪು ಬಟ್ಟೆಗೆ ತಾಗಿದರೆ ಚಿಹ್ನೆಯೇ ಮಾಯ. ಸುತ್ತ 1 ಮಿ.ಮೀ. ಬಿಳಿ ಬಿಡಿ. ಕಣ್ಣನ್ನು ಮೂರೇ ಗೆರೆಯಲ್ಲಿ ಮುಗಿಸಿ: ಮೇಲಿನ ಕಾಡಿಗೆ, ಕೆಳಗಿನ ಕಾಡಿಗೆ, 0.6 ಮಿ.ಮೀ. ಪಾಪೆ. ವೇಷದ ಕಣ್ಣು ಕಾಡಿಗೆಯಿಂದ ಉದ್ದವಾಗಿರುವುದರಿಂದ ಚಿಕ್ಕದಾದರೂ ಕೆಡುವುದಿಲ್ಲ. ಹೆಸರಾದ ಕಲಾವಿದರ ಫೋಟೋ ನೋಡಿ ಬರೆಯುತ್ತಿದ್ದರೆ ಅವರ ಚಹರೆ ಗುರುತು ಸಿಗದಂತೆ ಮಾಡಿ, ಇಲ್ಲವೇ ಅವರಿಂದಲೂ ಫೋಟೋ ತೆಗೆದವರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಮೂಲೆಯ ಕನ್ನಡ ಅಕ್ಷರಕ್ಕೆ ಬರೋಣ. ರಾಜನಿಗೂ ‘ರಾ’, ರಾಣಿಗೂ ‘ರಾ’. ಇದೇ ಪೇಚಿಗೆ ಇಂಗ್ಲಿಷರೂ ಸಿಕ್ಕಿಕೊಂಡಿದ್ದರು. ಗುಲಾಮನಿಗೆ ಅವರ ಹಳೆಯ ಹೆಸರು ನೇವ್, ಕಾಗುಣಿತದಲ್ಲಿ ಅದೂ ಕೆ ಅಕ್ಷರದಿಂದಲೇ ಶುರು. 19ನೇ ಶತಮಾನದ ಉತ್ತರಾರ್ಧದಲ್ಲಿ ಮೂಲೆಗೆ ಅಕ್ಷರ ಬಂದಾಗ ರಾಜನ ಕೆ ಮತ್ತು ನೇವನ ಕೆಎನ್ ಕೈಯಲ್ಲಿ ಒಂದೇ ಆಗಿ ಕಂಡವು. ಆಮೇಲೆ ಜಾಕ್ ಎಂಬ ಆಡುಹೆಸರಿನ ಜೆ ಉಳಿಯಿತು. ನೀವು ‘ದೊರೆ’ ತಂದರೆ ದೊ, ರಾ, ಗು ಎಂದು ಬೇರೆಯಾಗುತ್ತವೆ. ಆದರೆ ಗುಣಿತದ ಅಕ್ಷರಗಳು ಅಗಲ. ಅಕ್ಷರಕ್ಕೆ ಸಿಗುವ ಪಟ್ಟಿ 6 ಮಿ.ಮೀ., ‘ದೊ’ ಅದರಲ್ಲಿ ಕೂರಬೇಕಾದರೆ ಎತ್ತರ 4ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಕೆ ಅಕ್ಷರ 7 ಮಿ.ಮೀ. ಎತ್ತರ ಆರಾಮಾಗಿ ನಿಲ್ಲುತ್ತದೆ. ಅಂಕಿಗಳನ್ನೂ ಕನ್ನಡದಲ್ಲಿ ಹಾಕಿದರೆ ೬ ಮತ್ತು ೯ ಓಡುವ ಆಟದಲ್ಲಿ ಒಂದನ್ನೊಂದು ಹೋಲುತ್ತವೆ, ಅದೂ ಜಗಳಕ್ಕೆ ದಾರಿ. ಎರಡೂ ಲಿಪಿ ಒಟ್ಟಿಗೆ ತುರುಕಲು ಹೋದರೆ ಎರಡೂ ಕೆಡುತ್ತವೆ. ಆಡುವ ಕಟ್ಟಾದರೆ ಮೂಲೆಯಲ್ಲಿ ಕೆ, ಕ್ಯೂ, ಜೆ ಇರಲಿ. ಪಾತ್ರದ ಹೆಸರನ್ನು ಚೌಕಟ್ಟಿನ ಬಲಗೆರೆಯ ಒಳಗೆ ಲಂಬವಾಗಿ, ಅಕ್ಷರದೆತ್ತರ 2 ಮಿ.ಮೀ. ಇಟ್ಟು ಕನ್ನಡದಲ್ಲಿ ಬರೆಯಿರಿ. ಫ್ರಾನ್ಸಿನ ಎಲೆಗಳಲ್ಲಿ ಹೀಗೆ ಹೆಸರು ಬರೆಯುವ ಪದ್ಧತಿ ಹಳೆಯದು. ಇಸ್ಪೀಟು ರಾಜ ದಾವೀದ್, ಡೈಮನ್ ರಾಜ ಸೀಸರ್. ನೆನಪಿನ ಕಾಣಿಕೆಯಷ್ಟೇ ಆದರೆ ದೊ, ರಾ, ಗು ಹಾಕಿ, ಚಿಹ್ನೆಯನ್ನು ಅದರ ಕೆಳಗೆ ಸ್ವಲ್ಪ ದೊಡ್ಡದು ಮಾಡಿ.

ನೀವು ಕೇಳದ ಒಂದು ಮಾತು. ಅಭಿಮನ್ಯುವಿನ ಎಲೆಗೆ ‘ಗು’ ಎಂದು ಬರೆದು ಅವನನ್ನು ಗುಲಾಮ ಎಂದರೆ ನಿಮ್ಮ ಬಳಗದಲ್ಲೇ ಕೆಲವರಿಗೆ ಕಸಿವಿಸಿಯಾಗಬಹುದು. ಮೇಲೆ ಹೇಳಿದಂತೆ ಜೆ ಉಳಿಸಿಕೊಂಡರೆ ಆ ಪ್ರಶ್ನೆ ಏಳುವುದಿಲ್ಲ. ದೇವರನ್ನು ಇಸ್ಪೀಟಿಗೆ ತಂದಿರಿ ಎನ್ನುವವರಿಗೆ ನಮ್ಮ ಹಳೆಯ ಎಲೆಯಾಟ ಗಂಜೀಫಾ ತೋರಿಸಿ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಬಣ, ಬಣಕ್ಕೆ 12ರಂತೆ 120 ದುಂಡೆಲೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ತಾವೇ ರೂಪಿಸಿ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಬರೆಸಿದ್ದಾರೆ. ಅಲ್ಲಿಂದ ಕಲಿಯುವುದೂ ಇದೆ. ಪ್ರತಿ ಬಣದಲ್ಲಿ ರಾಜ, ಮಂತ್ರಿ ಇಬ್ಬರು; ಸಾಮಾನ್ಯವಾಗಿ ರಾಜ ಮಂಟಪದಲ್ಲೋ ಪೀಠದಲ್ಲೋ ಕೂತಿರುತ್ತಾನೆ, ಮಂತ್ರಿ ಕುದುರೆಯ ಮೇಲೆ. ಮುಖ ನೋಡುವ ಅಗತ್ಯವೇ ಇಲ್ಲ, ಕುದುರೆ ಕಂಡರೆ ಮಂತ್ರಿ.

ಹನ್ನೆರಡನ್ನೂ ಮುಗಿಸಿ ಆಮೇಲೆ ಪರೀಕ್ಷಿಸಬೇಡಿ. ಒಂದು ಬಣದ ಮೂವರನ್ನು, ಇಸ್ಪೀಟಿನವರನ್ನೇ, ಮೊದಲು ಮಾಡಿ. ಮೂರಕ್ಕೂ ಪೂರ್ತಿ ಕಪ್ಪು ತುಂಬಿ 20 ಮಿ.ಮೀ. ಎತ್ತರಕ್ಕೆ ಪ್ರಿಂಟು ಹಾಕಿ ಗೋಡೆಗೆ ಅಂಟಿಸಿ, ಎರಡು ಮೀಟರ್ ದೂರ ನಿಂತು ಚಿತ್ರ ನೋಡದವರನ್ನು ಕೇಳಿ. ಮೂವರನ್ನೂ ತಕ್ಷಣ ಬೇರೆ ಎಂದರೆ ಮಾತ್ರ ಗೆರೆಗೆ ಹೋಗಿ. ಆಮೇಲೆ ಬಣ್ಣ ಹಾಕಿ, ನಿಜ ಅಳತೆಯಲ್ಲಿ ತೆಳು ಕಾಗದದ ಮೇಲೆ ಪ್ರಿಂಟು ತೆಗೆದು, ಹಳೆಯ ಕಟ್ಟಿನ ಎಲೆಗಳ ಮೇಲೆ ಅಂಟಿಸಿ, ಸಂಜೆ ವಿದ್ಯುದ್ದೀಪದ ಕೆಳಗೆ ಹತ್ತು ಕೈ ಆಡಿ. ಎಲ್ಲಿ ಯಾರು ತಡವರಿಸಿದರು ಎಂದು ಗುರುತು ಹಾಕಿಕೊಳ್ಳಿ. ಪ್ರಿಂಟರಿನಲ್ಲಿ ‘ಹಾಳೆಗೆ ಹೊಂದಿಸು’ ಎಂಬುದು ಆನ್ ಇದ್ದರೆ ಅಳತೆ ಕುಗ್ಗುತ್ತದೆ. ಸ್ಕೇಲು ಇಟ್ಟು 63 ಮಿ.ಮೀ. ಇದೆಯೇ ನೋಡಿ. ಉಳಿದ ಒಂಬತ್ತು ಈ ಮೂರರ ಅಳತೆ ಹಿಡಿದು ಬೇಗ ಬರುತ್ತವೆ.

ಹಿಂಬದಿಯ ಚಿತ್ರವೂ 180 ಡಿಗ್ರಿ ತಿರುಗಿಸಿದರೆ ಒಂದೇ ಇರಬೇಕು, ಇಲ್ಲವಾದರೆ ತಲೆಕೆಳಗಾದ ಎಲೆ ಹಿಂದಿನಿಂದಲೇ ಗುರುತು ಸಿಗುತ್ತದೆ.

ಕಾಗದದ ಬಗ್ಗೆ: ಊರಿನ ಪ್ರೆಸ್ಸಿನಲ್ಲಿ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿ ಕೊಡುತ್ತೇವೆ ಎಂದರೆ ಕಾಣಿಕೆಗೆ ಸರಿ, ಆಟಕ್ಕಲ್ಲ. ಎಲೆ ಎಲೆಗೆ ಅಂಟುತ್ತದೆ, ಕಲೆಸಲು ಬರುವುದಿಲ್ಲ, ಕೆಲವು ದಿನಕ್ಕೆ ಅಂಚಿನ ಪದರ ಏಳುತ್ತದೆ. ಆಡುವ ಎಲೆಗೆ ನಡುವೆ ಕಪ್ಪು ಅಂಟಿನ ಪದರವಿರುವ 300–310 ಜಿಎಸ್‌ಎಂ ಕಾಗದ, ಮೇಲೆ ಬಟ್ಟೆಯ ನೇಯ್ಗೆಯಂಥ ಉಬ್ಬು, ಅದರ ಮೇಲೆ ವಾರ್ನಿಶ್ ಕೇಳಿ. ನಡುವಿನ ಕಪ್ಪು ಪದರ ಇಲ್ಲದಿದ್ದರೆ ಬೆಳಕಿಗೆ ಹಿಡಿದಾಗ ಕೌರವನ ಕಿರೀಟ ಹಿಂದಿನಿಂದ ಕಾಣುತ್ತದೆ. ಉಬ್ಬು ಇರುವ ಕಾಗದದಲ್ಲಿ 0.2 ಮಿ.ಮೀ. ಒಳಗೆರೆ ಸ್ವಲ್ಪ ತುಂಡಾಗುವುದುಂಟು, ಆದ್ದರಿಂದ ಮಾದರಿಯನ್ನು ಅದೇ ಕಾಗದದ ಮೇಲೆಯೇ ತೆಗೆಸಿ. ಕಿರೀಟಕ್ಕೆ ಹೊಳೆಯುವ ಫಾಯಿಲ್ ಹಾಕಿಸುವ ಆಸೆ ಇದ್ದರೆ ಅದು ಅರ್ಧ ಮಿ.ಮೀ. ಸರಿಯಬಹುದೆಂದು ಎಣಿಸಿ, ಸುತ್ತ ಕಪ್ಪು ಗೆರೆಯಿಲ್ಲದ ಜಾಗಕ್ಕೆ ಮಾತ್ರ ಹಾಕಿಸಿ. ಗೆರೆಯೊಳಗೆ ತುಂಬಿಸಹೋದರೆ ಚಿನ್ನ ಒಂದು ಕಡೆ, ಕಿರೀಟ ಇನ್ನೊಂದು ಕಡೆ.

ಹಾಳೆಯೊಂದರಲ್ಲಿ 54 ಅಥವಾ 56 ಎಲೆ ಕೂರಿಸುವ ಪ್ರೆಸ್ಸುಗಳೇ ಹೆಚ್ಚು. ಮೊದಲೇ ಕೇಳಿಕೊಳ್ಳಿ, 56 ಎಂದರೆ ನಿಮ್ಮ 52 ಎಲೆ, ಇಬ್ಬರು ಹಾಸ್ಯಗಾರರು ಹೋಗಿ ಇನ್ನೂ ಎರಡು ಎಲೆ ಪುಕ್ಕಟೆ. ಒಂದರಲ್ಲಿ ಹನ್ನೆರಡು ಪಾತ್ರಗಳ ಹೆಸರು, ಪ್ರಸಂಗ ಬರೆಯಿರಿ. ಇನ್ನೊಂದರಲ್ಲಿ ಇಪ್ಪತ್ತೆಂಟಿನ ಅಂಕಪಟ್ಟಿ.